ಹುಣಸೆಮರಕ್ಕೆ ಕಟ್ಟಿದ ಕ್ಲಾಸು

ಹಳೆ ಸೀರೆಯ ಅಂಚಿನಿಂದ ಫೋನನ್ನು ಹುಣಸೆಮರದ ಕಾಂಡಕ್ಕೆ ಬಿಗಿದು, ಕ್ಲಾಸಿನ ಲಿಂಕ್ ತೆರೆದು, ಸಿದ್ದಲಕ್ಷ್ಮಮ್ಮ ಸರ್ಕಾರದ ನೂರು ದಿನದ ಕೂಲಿ ಕೆಲಸಕ್ಕೆ ಹೊರಟಳು. ಹೋಗುವ ಮೊದಲು ಅತ್ತೆ ಮುತ್ತಮ್ಮನಿಗೆ ತೋರಿಸಿದಳು. "ಭುವನಾ ಪೇರು ಕೂಗ್ತಾರೆ. ಆವಾಗ ಈ ಕೆಂಪು ಮೈಕ್ ಒತ್ತು ಅತ್ತೆ. ಬೇರೆ ಏನೂ ಒತ್ಬೇಡ."

ಮರದಿಂದ ಎಂಟು ಹೆಜ್ಜೆ ಆಚೆ, ಹೊರಗಾದವರ ಗುಡಿಸಲಿನ ಮುಂದೆ, ಮಗಳು ಭುವನಾ ನೋಟ್‌ಬುಕ್ ಹಿಡಿದು ಕೂತಿದ್ದಳು. ಮುಟ್ಟಾಗಿ ಎರಡನೇ ದಿನ. ನಡುವೆ ಒಂದು ಕಲ್ಲಿನ ಸಾಲು. ನಾಲ್ಕನೇ ದಿನ ತಲೆಗೆ ಸ್ನಾನ ಮಾಡುವವರೆಗೆ ಅವಳು ಅದನ್ನು ದಾಟುವಂತಿಲ್ಲ. ಅವಳು ಮುಟ್ಟಿದ ವಸ್ತು ತೊಳೆಯದೆ ಮನೆಗೆ ಬರುವಂತಿಲ್ಲ. ತಟ್ಟೆ, ಚೊಂಬು, ಚಾಪೆ ತೊಳೆಯಬಹುದು. ಫೋನು ತೊಳೆಯಲಾಗುವುದಿಲ್ಲ. ಮನೆಗೆ ಇದ್ದದ್ದು ಅದೊಂದೇ.

ಪರದೆಯ ಮೇಲೆ ಓಮಲೂರಿನ ಸಂಗೀತಾ, ಕಾರಿಮಂಗಲಂನ ವೇಣು, ಮೂಲೆಯಲ್ಲಿ ಮೇಡಂ. ತಮಿಳಲ್ಲೇ ನಡೆಯುವ ಆನ್‌ಲೈನ್ ಬಿ.ಕಾಂ.ನಲ್ಲಿ ಸಂಗೀತಾ, ವೇಣು, ಭುವನಾ ಒಂದು ಗುಂಪು. ಒಬ್ಬರನ್ನೊಬ್ಬರು ಎದುರಿಗೆ ನೋಡಿದವರಲ್ಲ. ಬೆಟ್ಟದ ಸಾಮೆ ಯಾರ ಯಾರ ಕೈ ದಾಟಿ ಪೇಟೆಗೆ ಹೋಗುತ್ತದೆ ಅನ್ನುವುದು ಅವರ ವಿಷಯ. ಒಂದು ತಿಂಗಳು ದಿನಾ ವಿಡಿಯೋದಲ್ಲಿ ಸೇರಿ ಮಾಡಿದ್ದರು. ಸಂಗೀತಾ ಮಂಡಿಯವರನ್ನು ಕೇಳಿ ಬಂದಿದ್ದಳು, ವೇಣು ಸ್ಲೈಡ್ ಮಾಡಿದ್ದ, ಭುವನಾ ಹದಿನಾಲ್ಕು ಮನೆ ತಿರುಗಿ ಬರೆದುಕೊಂಡಿದ್ದಳು. ಇವತ್ತು ಅದರ ಬಗ್ಗೆ ಒಬ್ಬೊಬ್ಬರೂ ಮೂರು ನಿಮಿಷ ಮಾತಾಡಬೇಕು. ಒಬ್ಬರು ತಪ್ಪಿದರೆ ಮೂವರಿಗೂ ಸೊನ್ನೆ. ದಿನ ಬದಲಿಸಿ ಅಂತ ಕೇಳಬಹುದಿತ್ತು. ಕೇಳಿದರೆ ಕಾರಣ ಹೇಳಬೇಕಿತ್ತು.

ಸಂಗೀತಾ ಮುಗಿಸಿದಳು. ವೇಣು ಮುಗಿಸಿದ. "ಭುವನಾ, ಮೈಕ್ ಆನ್ ಪಣ್ಣುಮ್ಮಾ," ಎಂದರು ಮೇಡಂ.

"ಅಜ್ಜಿ, ಒತ್ತು."

ಮುತ್ತಮ್ಮ ಹೆಬ್ಬೆರಳು ಒತ್ತಿದಳು. ಮೈಕ್ ಕೆಂಪಗೇ ಉಳಿಯಿತು. ಇನ್ನೊಂದು ಸಲ ಒತ್ತಿದಳು.

"ಇದಕ್ಕೂ ನನ್ ಬೆಳ್ಳು ಗುರ್ತಿಲ್ಲ ಕಣೆ. ರೇಷನ್ ಅಂಗಡಿ ಮಿಷನ್ನೂ ಇಂಗೇ ಮಾಡ್ತೈತೆ."

"ಬೇರೆ ಬೆಳ್ಳಲ್ಲಿ ನೋಡು."

"ಎಲ್ಲಾ ಬೆಳ್ಳೂ ಕಳೆ ಕಿತ್ತಿದ್ದೇ ಅಲ್ವಾ."

ಮುದುಕಿ ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಆ ಎಂಜಲಲ್ಲೇ ಪರದೆ ಮುಟ್ಟಿದಳು. ಕ್ಯಾಮೆರಾ ಆರಿತು. ಫೋನಿನೊಳಗಿಂದ ಸಂಗೀತಾ ಕೂಗಿದಳು. "ಏ ಭುವನಾ, ವಿಡಿಯೋನೂ ಪೋಚ್ಚು."

"ಒರು ನಿಮಿಷಂ ದಾಮ್ಮಾ," ಎಂದರು ಮೇಡಂ. ಇನ್ನೊಂದೇ ನಿಮಿಷ, ಆಮೇಲೆ ಮುಂದಿನ ಗುಂಪು.

ಭುವನಾ ಎದ್ದು ನಿಂತಳು.

"ಲೇ, ಕೂತ್ಕ. ಸಂಜೆ ನಿಮ್ಮಪ್ಪ ಫೋನ್ ಮಾಡ್ತಾನೆ. ನೀನು ಮುಟ್ಟುದ್ರೆ ಅದು ಮನೆಗೆ ಬರಂಗಿಲ್ಲ."

"ಮೂರು ಜನದ ಮಾರ್ಕು ಅಜ್ಜಿ."

"ಕಲ್ಲು ದಾಟ್ಬೇಡ ಅಂದೆ."

ಅವಳು ದಾಟಿದಳು. ಮೈಗೆ ಮೈ ತಗುಲದಂತೆ ಮುತ್ತಮ್ಮ ಮರದ ಹಿಂದಕ್ಕೆ ಸರಿದಳು. ಭುವನಾ ಎಂಜಲನ್ನು ದಾವಣಿಯಲ್ಲಿ ಒರೆಸಿ, ಕ್ಯಾಮೆರಾ ಒತ್ತಿ, ಮೈಕ್ ಒತ್ತಿದಳು. ಮೊದಲ ವಾಕ್ಯ ತಡವರಿಸಿತು, ಎರಡನೆಯದು ಸರಿಹೋಯಿತು. ಮೂರು ನಿಮಿಷ ತಮಿಳಲ್ಲಿ ಮಾತಾಡಿದಳು. ನಡುವೆ ಒಂದು ಕಡೆ ನೋಟ್‌ಬುಕ್ ನೋಡದೆ ಅಜ್ಜಿಯ ಹೆಸರು ಹೇಳಿದಳು. "ನಲ್ಲಾ ಇರುಕ್ಕು," ಎಂದು ಮೇಡಂ ಮೆಚ್ಚಿದರು. ವೇಣು ಹೆಬ್ಬೆರಳಿನ ಚಿತ್ರ ಕಳಿಸಿದ.

"ನನ್ ಪೇರು ಯಾಕೆ ಎತ್ತಿದೆ?" ಮರದ ಹಿಂದಿನಿಂದ ಮುತ್ತಮ್ಮ ಕೇಳಿದಳು.

"ಸಾಮೆ ಲೆಕ್ಕ ಮೊದಲು ಕೊಟ್ಟೋಳು ನೀನೇ ಅಲ್ವಾ."

"ಲೆಕ್ಕ ಕೊಟ್ಟಿದ್ದಕ್ಕೆ ಫೋನು ಕಿತ್ಕಂಡೆ."

ಭುವನಾ ಕಟ್ಟು ಬಿಚ್ಚಿ, ಫೋನು ತಗೊಂಡು ಕಲ್ಲಿನ ಸಾಲಿನ ಆಚೆ ಹೋದಳು. ಅದು ಇನ್ನೆರಡು ದಿನ ಅವಳ ಜೊತೆ ಅಲ್ಲೇ. ಗುಡಿಸಲಿಗೆ ಕರೆಂಟಿಲ್ಲ. ಚಾರ್ಜು ನಲವತ್ತೊಂದು ಇತ್ತು.

ಅವಳ ಅಪ್ಪ ಮುನಿರಾಜ್ ಹತ್ತು ದಿನದ ಹಿಂದೆ ಕುರಿ ಹೊಡೆದುಕೊಂಡು ಕೊಳತ್ತೂರಿನ ಕಡೆ ಇಳಿದಿದ್ದ. ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿ, ದಿನಾ ಸಂಜೆ ಆರಕ್ಕೆ ಅವ್ವನಿಗೆ ಫೋನ್ ಮಾಡುತ್ತಿದ್ದ. ಮುತ್ತಮ್ಮ ಐದೂವರೆಗೇ ಬಂದು ಕಲ್ಲಿನ ಈಚೆ ಕುಕ್ಕರುಗಾಲಲ್ಲಿ ಕೂತಳು. 

ಫೋನು ಬಡಿದುಕೊಂಡಿತು.

"ಸ್ಪೀಕರ್ ಹಾಕು," ಎಂದಳು ಮುತ್ತಮ್ಮ. ಭುವನಾ ಸ್ಪೀಕರ್ ಹಾಕಿ, ಗುಡಿಸಲಿನ ಬಾಗಿಲಲ್ಲಿ ಕೂತಲ್ಲಿಂದಲೇ ಕೈ ಚಾಚಿ ಹಿಡಿದಳು.

"ಅವ್ವಾ. ಎಲ್ಲಿದ್ದೀಯಾ? ಬಾವಿಯೊಳಗಿಂದ ಮಾತಾಡ್ದಂಗೈತೆ."

"ಇಲ್ಲೇ ಇವ್ನಿ ಕಣೋ. ಆ ಕುಂಟ ಕುರಿ ಎಂಗೈತೆ?"

"ಏನೂ ಕೇಳಿಸ್ತಿಲ್ಲ. ಅತ್ರ ಬಂದು ಮಾತಾಡವ್ವಾ. ಇಲ್ಲಾಂದ್ರೆ ಕಟ್ ಮಾಡ್ತೀನಿ, ನಾಳೆ ಮಾಡ್ತೀನಿ."

ಭುವನಾ ಚಾಚಿದ ಕೈಯನ್ನು ಮುಂದಕ್ಕೂ ತರಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಮುತ್ತಮ್ಮ ಎದ್ದಳು. ಊರ ಕಡೆ ಒಂದು ಸಲ ನೋಡಿದಳು. ಆಮೇಲೆ ಕಾಲಿನಿಂದ ಎದುರಿಗಿದ್ದ ಕಲ್ಲನ್ನು ಗುಡಿಸಲಿನ ಕಡೆಗೆ ಮೂರು ಮೊಳ ತಳ್ಳಿದಳು, ಅದರ ಪಕ್ಕದ ಕಲ್ಲನ್ನೂ ಅಷ್ಟೇ ತಳ್ಳಿದಳು. ಎರಡೂ ಒಂದೇ ನೇರಕ್ಕೆ ಬಂದವೋ ಇಲ್ಲವೋ ಎಂದು ಬಗ್ಗಿ ನೋಡಿ, ಅವುಗಳ ಈಚೆಯೇ ನಿಂತು, ಫೋನಿನ ಕಡೆ ಕತ್ತು ಚಾಚಿ ಕೇಳಿದಳು.

"ಈಗ ಕೇಳಿಸ್ತಾ?"