ಶಾಲಿಗೆ ಮೂರು ಸಾಕ್ಷಿ

ವಸ್ತುಗಳಿಗೆ ಬಾಯಿ ಬಂದ ಮೇಲೆ, ಅವುಗಳ ಸಾಕ್ಷಿ ಕೇಳದೆ ಪುರಸಭೆಯವರು ಯಾರಿಗೂ ಶಾಲು ಹೊದಿಸುತ್ತಿರಲಿಲ್ಲ. ಐವತ್ತು ವರ್ಷದ ಹಿಂದೆ, ತನ್ನ ಕೇರಿಯವರಿಗೆ ಕಾಫಿ ಕೊಡದ ಹೋಟೆಲಿನಲ್ಲಿ ಧರಣಿ ಕೂತಿದ್ದ ಗಂಗುಲಮ್ಮನಿಗೆ ಇಂದು ‘ಶಾಂತಿದೂತೆ’ ಎಂಬ ಬಿರುದು.

“ಪಾಪ, ಬೆಳಿಗ್ಗೆಯಿಂದ ಸಂಜೆತನ್ಕ ನನ್ನ ಮೇಲೆ ಅಲ್ಲಾಡ್ದೆ ಕೂತಿದ್ರು,” ಎಂದಿತು ಆ ಹೋಟೆಲಿನ ಹಳೇ ಬೆಂಚು.

“ಸುಳ್ಳು! ಅವತ್ತು ದೊಂಬಿ!” ಎಂದು ಬಾಯಿ ಮುಕ್ಕಾದ ಗೋಲಿ ಸೋಡಾ ಬಾಟಲಿ ಕಿರುಚಿತು. “ಈಯಮ್ಮನೇ ನನ್ನನ್ನ ಜಿಲೇಬಿ ಬೀರುಗೆ ಬೀಸಿ ಒಗೆದಿದ್ದು. ಇವತ್ತಿಗೂ ನನ್ನ ಗೋಲಿ ಗಿರಗಿರ ಅಂತದೆ!”

ಬಾಟಲಿಯ ವಿಷಯವನ್ನು ಗಂಗುಲಮ್ಮ ಮೊಮ್ಮಕ್ಕಳಿಗೂ ಹೇಳಿರಲಿಲ್ಲ.

ಬೆಂಚೂ ಬಾಟಲಿಯೂ ಹಾವು ಮುಂಗುಸಿಯಂತೆ ಜಗಳಕ್ಕೆ ನಿಂತವು. ಅಧ್ಯಕ್ಷರು ಹೊದಿಸಲು ಎತ್ತಿದ್ದ ಶಾಲನ್ನು ಹಿಂದಕ್ಕೆಳೆದುಕೊಂಡು, ಅದೇ ಹೋಟೆಲಿನ ಕಾಫಿ ಲೋಟದ ಕಡೆ ತಿರುಗಿದರು. “ನೀನಾದ್ರೂ ನಿಜ ಹೇಳಪ್ಪ.”

ಲೋಟ ಗಂಗುಲಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. “ಯಾರು ಈಯಮ್ಮ? ನನ್ನನ್ನ ತುಟಿಗಿಟ್ಟೋರನ್ನೆಲ್ಲ ಬಲ್ಲೆ, ಇವ್ರನ್ನ ನೋಡೇ ಇಲ್ವಲ್ಲ!”

“ಕೇಳಿದ್ರಾ ಸ್ವಾಮಿ?” ಗಂಗುಲಮ್ಮ ಶಾಲನ್ನು ಕಿತ್ತುಕೊಂಡು ತಾನೇ ಹೊದ್ದಳು. “ಅದಕ್ಕೇ ಬೆಂಚಿನ ಮೇಲೆ ಕೂತಿದ್ದು. ಅದಕ್ಕೇ ಬಾಟ್ಲಿ ಒಗೆದಿದ್ದು.”