ಖಾಲಿ ಊರಿನ ಡಂಗುರ

ಜನ ಬಿಟ್ಟುಬಂದಿದ್ದ ಹುಕ್ಕೇರಿಯೊಳಗಿನಿಂದ ನಡುಮಧ್ಯಾಹ್ನ ಡಂಗುರದ ಹಲಗೆ ಕೇಳಿಸಿತು. ಹೊಲದ ಗುಡಿಸಲುಗಳಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈಗಳು ಹಾಗೇ ನಿಂತವು. ನಿನ್ನೆಯೂ ಕೇಳಿಸಿತ್ತು, ಗಾಳಿಯ ಸದ್ದಿರಬೇಕೆಂದು ಸುಮ್ಮನಾಗಿದ್ದರು. ಇಲಿ ಬಿದ್ದವೆಂದು, ಪ್ಲೇಗಿಗೆ ಹೆದರಿ, ಊರಿನ ಅಗಸಿ ಬಾಗಿಲಿಗೆ ಜಾಲಿಮುಳ್ಳು ಬಡಿದು ಎಲ್ಲರೂ ಹೊರಬಿದ್ದಿದ್ದರು. ಎಲ್ಲರೂ ಅಂದರೆ ನಡೆಯಬಲ್ಲವರು. ಕುರುಡರು, ಕುಂಟರು, ಹಾಸಿಗೆ ಹಿಡಿದವರು ಒಳಗೇ ಉಳಿದರು, ಗಾಡಿಯಲ್ಲಿ ಜಾಗ ಸಾಲಲಿಲ್ಲವಂತೆ. ಜೋಳದ ಚೀಲಗಳಿಗೆ ಮಾತ್ರ ಎಲ್ಲರ ಗಾಡಿಯಲ್ಲೂ ಜಾಗವಿತ್ತು! ಅವರೆಲ್ಲ ಇಷ್ಟರಲ್ಲಿ ಸತ್ತಿರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಮಂದಿ ಹಗುರಾಗಿದ್ದರು. ಈಗ ಸತ್ತವರು ಹಲಗೆ ಬಾರಿಸತೊಡಗಿದರೆ ಯಾರಿಗೆ ತಾನೇ ಊಟ ಸೇರುತ್ತದೆ?

"ನಿಮ್ಮ ತಂಗಿನ ಇರಬೇಕ್ರಿ," ಅಂದಳು ಲಕ್ಕವ್ವ, ಗಂಡ ದುಂಡಪ್ಪನ ಕಡೆ ನೋಡಿ. "ಅಕಿ ಜೀವಕ್ಕ ಸಮಾಧಾನ ಇಲ್ಲ. ಕಾಶೆವ್ವನ್ನ ಮಣ್ಣು ಮಾಡಿದಲ್ಲಿ ವಿಭೂತಿ ಇಟ್ಟು ಕೈ ಮುಗದು ಬರ್ರಿ. ಜಾಗಾ ನಿಮಗಷ್ಟ ಗೊತ್ತು."

ಜಾಗ ದುಂಡಪ್ಪನಿಗೂ ಗೊತ್ತಿರಲಿಲ್ಲ. ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲದ, ಕೂತಲ್ಲೇ ಸರಿದಾಡುವ ತಂಗಿಗೆ "ನಾಳೆ ಗಾಡಿ ತರತೇನವ್ವಾ" ಎಂದು ಹೇಳಿ ಬಂದವನು, ಮರುದಿನ ಬರಿಗೈಯಲ್ಲಿ ಅಗಸಿಯ ಮುಳ್ಳಿನ ತನಕ ಹೋಗಿ, ಎದೆ ಸಾಲದೆ ತಿರುಗಿದ್ದ. "ತೀರಿಕೊಂಡಿದ್ದಳು, ಹಿತ್ತಲದಾಗ ಮಣ್ಣು ಮಾಡಿ ಬಂದೆ" ಎಂದು ಎಲ್ಲರೆದುರು ಅತ್ತಿದ್ದ. ಈಗ ಗುಡಿಸಲುಗಳ ಸಾಲಿಗೆ ಸಾಲೇ ಅವನ ಮುಖ ನೋಡುತ್ತಿತ್ತು. ಬೇರೆ ದಾರಿ ಕಾಣದೆ ವಿಭೂತಿ ಗಟ್ಟಿ ಹಿಡಿದು ಹೊರಟ.

ಮುಳ್ಳು ಸರಿಸಿ ಒಳಗೆ ಕಾಲಿಟ್ಟರೆ ರಣರಣ ಬಿಸಿಲು. ನಾಯಿ ಕೂಡ ಬೊಗಳಲಿಲ್ಲ. ಆದರೆ ಕಟ್ಟೆಗಳನ್ನು ಯಾರೋ ಗುಡಿಸಿದ್ದರು. ಯಾರದೋ ಅಂಗಳಕ್ಕೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ಊರು ಹಾಳುಬಿದ್ದಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಓಣಿಯ ತಿರುವಿನಲ್ಲಿ ಹಲಗೆ ಮತ್ತೆ ಕೇಳಿಸಿತು. ಗೋಡೆ ಸವರುತ್ತ ಬರುತ್ತಿದ್ದವನು ಡಂಗುರದ ಮುದುಕ, ಕುರುಡ ದುರ್ಗಪ್ಪ.

"ಕೇಳ್ರಪ್ಪೋ ಕೇಳ್ರೀ! ಪ್ಯಾಟಿ ಓಣಿ ಶಿದ್ಲಿಂಗಪ್ಪನ ಮನಿಯಾಗ ನೀರಿಲ್ಲ. ಕೈಯಾಗ ಬಲ ಇದ್ದವರು ಸೇದ್ರಿ, ಕಾಲಾಗ ಬಲ ಇದ್ದವರು ಒಯ್ರಿ! ಕಾಶೆವ್ವನ ಮನಿಯಾಗ ರೊಟ್ಟಿ ಆಗ್ಯಾವು, ಹಸದವರು ಬರ್ರಿ!"

ಆದದ್ದು ಸಂತೋಷವೋ ಭಯವೋ ದುಂಡಪ್ಪನಿಗೇ ತಿಳಿಯಲಿಲ್ಲ. "ದುರ್ಗಪ್ಪಾ, ನಮ್ಮ ಕಾಶಿ ಅದಾಳ?"

ಮುದುಕನ ಕೈ ಹಲಗೆಯ ಮೇಲೆ ನಿಂತುಬಿಟ್ಟಿತು. "ಈ ಧ್ವನಿ... ದುಂಡಪ್ಪಂದು."

"ಹೌದು, ನಾನ ದುಂಡಪ್ಪ."

"ಹೋಗಪಾ, ನಿನ್ನ ಹಾದಿ ಹಿಡದು ಹೋಗು," ಮುದುಕ ಗೋಡೆಗೆ ಬೆನ್ನು ಹಚ್ಚಿದ. "ನಿನ್ನ ಸಾವಿನ ಡಂಗುರ ನಾನ ಹೊಡದೇನಿ. ನಿಮ್ಮ ತಂಗಿ ಅನ್ನ ನೀರು ಬಿಟ್ಟು ಅತ್ತಾಳ. ಇನ್ನ್ಯಾಕ ಅಕಿನ್ನ ಕಾಡಾಕ ಬಂದಿ?"

ದುಂಡಪ್ಪ ಓಡಿದ. ತನ್ನದೇ ಮನೆಯ ಕದ ಬಡಿದ. "ಕಾಶೀ, ಕದಾ ತಗಿ! ನಾ ನಿಮ್ಮಣ್ಣ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನೆಲದ ಮೇಲೆ ಸರಿದುಬರುವ ಸಪ್ಪಳ, ಚಿಕ್ಕಂದಿನಿಂದ ಕೇಳಿದ ಅದೇ ಸಪ್ಪಳ, ಕದದ ಹತ್ತಿರ ಬಂದು ನಿಂತಿತು. ಚಿಲಕ ಅಲ್ಲಾಡಲಿಲ್ಲ.

"ಬಂದೀಯೇನಣ್ಣಾ," ಅಂದಳು ಕಾಶೆವ್ವ, ಮೆತ್ತಗೆ. "ಬರತಿ ಅಂತ ಗೊತ್ತಿತ್ತು. ಸತ್ತವರ ಜೀವ ಮನಿ ಮ್ಯಾಲೆ ಇರತೈತಂತ."

"ನಾ ಸತ್ತಿಲ್ಲ ಯವ್ವಾ, ಬದಿಕೇನಿ!"

"ಸುಳ್ಳ ಹೇಳಬ್ಯಾಡ. ನಾಳೆ ಗಾಡಿ ತರತೇನಿ ಅಂದಿದ್ದಿ. ಇಲ್ಲಿದ್ದವರೆಲ್ಲಾ ಅಂದ್ರು, ನಿಮ್ಮಣ್ಣ ನಿನ್ನ ಬಿಟ್ಟು ಹೋದ ಅಂತ. ನಾ ಅವರ ಕೂಡ ಜಗಳಾಡಿದೆ. ಜೀವ ಇದ್ರ ನಮ್ಮಣ್ಣ ಬಂದ ಬರತಾನ, ಬಂದಿಲ್ಲ ಅಂದ್ರ ಅವ ಇಲ್ಲ, ಅಂದೆ. ಡಂಗುರ ಹೊಡಸಿದೆ." ಅವಳ ಬಳೆ ಕದಕ್ಕೆ ತಗಲಿತು. "ಈಗರೆ ಗಾಡಿ ತಂದೀಯೇನು?"

ದುಂಡಪ್ಪ ತನ್ನ ಕೈ ನೋಡಿಕೊಂಡ. ವಿಭೂತಿ ಬೆವರಿಗೆ ಕರಗಿ ಅಂಗೈ ಬೆಳ್ಳಗಾಗಿತ್ತು. ಕದ ತೆರೆಸುವುದು ಕಷ್ಟವೇನೂ ಇರಲಿಲ್ಲ. ಬದುಕಿದ್ದೆ, ಗಾಡಿ ಇತ್ತು, ಎತ್ತುಗಳಿದ್ದವು, ಆದರೂ ಬರಲಿಲ್ಲ. ಇಷ್ಟು ಹೇಳಿದ್ದರೆ ಅವಳು ನಂಬುತ್ತಿದ್ದಳು.

ಕದ ಒಂದು ಗೇಣು ತೆರೆಯಿತು. ನೆಲಮಟ್ಟದಲ್ಲಿ ಒಂದು ಕೈ ಬಂದು ತಾಟನ್ನು ಹೊಸ್ತಿಲಾಚೆ ದೂಡಿತು. ಬಿಸಿ ರೊಟ್ಟಿ, ಪುಂಡಿಪಲ್ಯ. ಅವನಿಗೆ ಸೇರುವುದೇ ಅದು.

"ನಿನಗ ಎಡಿ ಇಟ್ಟೇನಿ. ಉಂಡು ಹೋಗಣ್ಣಾ. ಮಾರಿ ತೋರಸಬ್ಯಾಡ, ನನಗ ತಡಿಯಾಕ ಆಗೂದಿಲ್ಲ."

ಆ ಕೈಯನ್ನು ಅವನು ಹಿಡಿಯಬಹುದಿತ್ತು. ಹಿಡಿದರೆ ತನ್ನ ಮೈಯ ಬಿಸಿ ಅವಳಿಗೆ ತಗಲುತ್ತಿತ್ತು, ಎಲ್ಲ ಗೊತ್ತಾಗಿಬಿಡುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಹೂನವ್ವಾ," ಅಂದ. "ಸತ್ತೇನಿ. ಉಂಡು ಹೋಗತೇನಿ."

ಅವನು ಅಗಸಿ ದಾಟುವಾಗ ಬೆನ್ನ ಹಿಂದೆ ದುರ್ಗಪ್ಪನ ಹಲಗೆ ಎದ್ದಿತು.

"ಕೇಳ್ರಪ್ಪೋ ಕೇಳ್ರೀ! ಸತ್ತ ದುಂಡಪ್ಪ ಬಂದು ಎಡಿ ಉಂಡು ಹೋದ. ಸತ್ತರೂ ತಂಗಿನ್ನ ಮರೀಲಿಲ್ಲ!"