ನಲವತ್ತೆರಡು ಸೆಂಟಿಮೀಟರ್

“ಟೇಪಿನ ತುದೀನ ಟಾರ್ಗೆಟ್ಟಿಗೆ ತಾಗಿಸಿ ಹಿಡಿ ಪುಟ್ಟಿ. ಹಿಂದಿನ ಗೋಡೆಗಲ್ಲ, ಕಾಗದಕ್ಕೆ!” ಹಜಾರದ ಕಿಟಕಿಯ ಬಳಿಯಿಂದ ಅಪ್ಪ ಕೂಗಿದ.

ಉಗ್ರಾಣದಲ್ಲಿ ನಿಂತಿದ್ದ ಮಗಳು ಹಲ್ಲು ಕಚ್ಚಿಕೊಂಡು ಸ್ಟೀಲ್ ಟೇಪಿನ ತುದಿಯನ್ನು ಕಾಗದಕ್ಕೆ ಒತ್ತಿದಳು. ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಮನೆಯಲ್ಲಿ ಏರ್ ರೈಫಲ್ ಹಿಡಿದರೆ ಆರುನೂರ ಇಪ್ಪತ್ತು ಅಂಕ ಹೊಡೆಯುವವಳು ಮೊನ್ನೆ ಆಯ್ಕೆ ಪಂದ್ಯದಲ್ಲಿ ಆರುನೂರ ಒಂಬತ್ತಕ್ಕೇ ಮುಗ್ಗರಿಸಿದ್ದಳು. ನಡುಗಿದ್ದು ಅವಳ ಕೈ, ಅದು ಅವಳಿಗೂ ಗೊತ್ತು, ಕೋಚ್‌ಗೂ ಗೊತ್ತು. ಇವತ್ತು ಸಂಜೆ ರೈಫಲನ್ನು ಕ್ಲಬ್ಬಿಗೆ ವಾಪಸ್ ಕೊಟ್ಟು ಬರುತ್ತೇನೆ, ಇನ್ನು ಇದರ ಸಹವಾಸವೇ ಬೇಡ ಎಂದು ಹೇಳಿಯೂ ಆಗಿತ್ತು. ಆದರೆ ಅಪ್ಪ ಕೇಳಬೇಕಲ್ಲ! ಮೊದಲು ಪಂದ್ಯದ ಸಭಾಂಗಣದ ದೀಪಗಳ ಮೇಲೆ ಗೂಬೆ ಕೂರಿಸಿದ. ಆಮೇಲೆ ಅಲ್ಲಿಯ ಫ್ಯಾನಿನ ಮೇಲೆ. ನಿನ್ನೆ ಊಟದ ಹೊತ್ತಿನಲ್ಲಿ, ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕೆಮ್ಮಿನ ಮೇಲೆ. ಇವತ್ತು ಎದುರುಮನೆಯ ಬಡಗಿಯ ಟೇಪು ಇಸಿದುಕೊಂಡು ಬಂದು, ಮನೆಯಲ್ಲಿ ಅಭ್ಯಾಸ ಮಾಡುವ ದೂರವೇ ಸರಿಯಿದೆಯೋ ಇಲ್ಲವೋ ನೋಡೇಬಿಡೋಣ ಎಂದು ಹಟ ಹಿಡಿದಿದ್ದ.

“ಎಷ್ಟಪ್ಪಾ?”

“ಒಂಬತ್ತು ಮೀಟರ್... ಐವತ್ತೆಂಟು!”

“ಸರಿಯಾಗಿ ನೋಡು. ಪಂದ್ಯದಲ್ಲಿರೋ ಹಾಗೆ ಹತ್ತು ಇರ್ಬೇಕು.”

“ಕಣ್ಣಿದೆಯಮ್ಮ ನಂಗೆ. ಬೇಕಾದ್ರೆ ನೀನೇ ಬಂದು ನೋಡು.”

ಅವಳು ತುದಿಯನ್ನು ಟಾರ್ಗೆಟ್ಟಿನ ಮೊಳೆಗೆ ಸಿಕ್ಕಿಸಿ ಬಂದು ನೋಡಿದಳು. ಕಿಟಕಿಯ ಬಳಿ ಅವಳು ನಿಂತು ಗುರಿಯಿಡುವ ಕೆಂಪು ಗೆರೆಯ ಮೇಲೆ ಟೇಪು ಒಂಬತ್ತು ಐವತ್ತೆಂಟನ್ನೇ ತೋರಿಸುತ್ತಿತ್ತು. ಅಪ್ಪ ಆಗಲೇ ಹಣೆ ಚಚ್ಚಿಕೊಂಡು, ಕೊರಳಲ್ಲಿದ್ದ ಬಟ್ಟೆ ಅಳೆಯುವ ಟೇಪನ್ನು ಅವಳ ಮುಂದೆ ಹಿಡಿದ. ಅವನು ದರ್ಜಿ, ಅದಿಲ್ಲದೆ ಅವನನ್ನು ಯಾರೂ ಕಂಡವರಿಲ್ಲ.

“ನೋಡು, ಇದರ ಮೊದಲಿನ ಆರು ಸೆಂಟಿಮೀಟರ್ ಇಲ್ಲವೇ ಇಲ್ಲ. ಹೋದ ವರ್ಷ ಇದನ್ನೇ ಏಳು ಸಲ ಹಾಸಿ ಗೆರೆ ಹಾಕಿದ್ದೆ. ಆರೇಳ್ಲ ನಲವತ್ತೆರಡು! ಎಲ್ಲಾ ನನ್ನಿಂದ ಆಗಿದ್ದು. ವರ್ಷಪೂರ್ತಿ ನಿನ್ನ ಕೈಲಿ ಹತ್ತಿರದಿಂದ ಹೊಡೆಸಿಬಿಟ್ಟೆ. ಅಲ್ಲಿ ಹೋಗಿ ಟಾರ್ಗೆಟ್ ದೂರ ಕಂಡ್ರೆ ಯಾರ ಕೈಯಾದ್ರೂ ನಡುಗಲ್ವಾ?”

ಒಂದು ಗಳಿಗೆ ಅವಳ ಎದೆ ನಿಜಕ್ಕೂ ಹಗುರಾಯಿತು. ಹಾಗಾದರೆ ತಾನು ಪುಕ್ಕಲಿಯಲ್ಲ! ಮೂರು ದಿನದಿಂದ ತನಗೆ ತಾನೇ ಬೈದುಕೊಂಡದ್ದೆಲ್ಲ ದಂಡ. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು.

“ಒಂದು ವರ್ಷ ಅಪ್ಪ! ಊರಿಗೆಲ್ಲ ಅಂಗಿ ಹೊಲಿಯೋನಿಗೆ ಸ್ವಂತ ಮನೆ ಅಳೆಯೋಕೆ ಬರಲ್ವಾ?”

“ಬರಲಿಲ್ಲ ನೋಡು,” ಎಂದ ಅಪ್ಪ. ಬೈಸಿಕೊಂಡವನ ಮುಖ ಅಷ್ಟು ಅರಳಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ರೇಗುತ್ತಲೇ ಬಂದಳು. “ರೀ, ಪಾತ್ರೆ ತಿಕ್ಕೋ ನಾರು ಯಾರು ಮುಟ್ಟಿದ್ದು? ಪೂರ್ತಿ ಕೆಂಪು ಬಣ್ಣ ಮೆತ್ತಿದೆ! ನಾನೀಗ ಯಾವುದರಲ್ಲಿ ತಿಕ್ಕಲಿ?”

ಅಪ್ಪ ಕಿಟಕಿಯ ಹೊರಗೆ ನೋಡತೊಡಗಿದ. ಮಗಳು ಒಮ್ಮೆ ನಾರನ್ನು ನೋಡಿದಳು, ಒಮ್ಮೆ ಅಪ್ಪನನ್ನು. ಮೊನ್ನೆಯಿಂದ ಇವತ್ತಿನ ತನಕ ಅವಳು ಹಜಾರದ ಈ ಮೂಲೆಗೆ ತಲೆ ಹಾಕಿರಲಿಲ್ಲ. ಬಗ್ಗಿ ಗೆರೆಯನ್ನು ಮುಟ್ಟಿದಳು. ಹೋದ ವರ್ಷದ ಗೆರೆ ಬೆರಳಿಗೆ ಅಂಟಿತು. ಅಪ್ಪನ ಕೈಯಿಂದ ಬಟ್ಟೆ ಟೇಪನ್ನು ಕಿತ್ತುಕೊಂಡಳು. ಉಳಿದ ಅಂಚುಗಳೆಲ್ಲ ಮಾಸಿ ಎಳೆ ಬಿಟ್ಟಿದ್ದರೆ, ತುದಿ ಮಾತ್ರ ಈಗಷ್ಟೇ ಕತ್ತರಿ ಆಡಿಸಿದಂತೆ ನೇರವಾಗಿತ್ತು. ಮೂವತ್ತು ವರ್ಷ ದುಡಿದ ಟೇಪು. ಅದನ್ನು ಇನ್ನೊಬ್ಬರು ಮಡಚಿಟ್ಟರೂ ಅಪ್ಪ ಸಹಿಸುತ್ತಿರಲಿಲ್ಲ.

“ಇದನ್ನ ನೀನೇ ಕತ್ತರಿಸಿದ್ಯಾ?”

“ಇನ್ನೊಂದು ತಂದ್ರಾಯ್ತು ಬಿಡು.”

ಅಳಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. “ಸುಳ್ಳು ಹೇಳೋದಾದ್ರೂ ಲೆಕ್ಕ ಹಾಕಿ ಹೇಳಬಾರ್ದಾ? ನಲವತ್ತೆರಡು ಸೆಂಟಿಮೀಟರಿಗೆ ಹೋಗೋದು ಅಬ್ಬಬ್ಬಾ ಅಂದ್ರೆ ಒಂದೂವರೆ ಅಂಕ. ನಾನು ಕಳ್ಕೊಂಡಿದ್ದು ಹನ್ನೊಂದು! ಅಷ್ಟು ಹೋಗ್ಬೇಕಂದ್ರೆ ನೀನು ಗೆರೇನ ಎರಡೂವರೆ ಮೀಟರ್ ಮುಂದಕ್ಕೆ ತರಬೇಕಿತ್ತು. ಅಗೋ, ಅಡುಗೆಮನೆ ಬಾಗಿಲ ತನಕ!”

“ಅಷ್ಟು ಮುಂದಕ್ಕೆ ತಂದಿದ್ರೆ ನೀನು ನಂಬ್ತಿರಲಿಲ್ಲವಲ್ಲಮ್ಮ,” ಎಂದ ಅಪ್ಪ.

ಅವಳು ಅಮ್ಮನ ಕೈಯಿಂದ ನಾರು ಕಸಿದುಕೊಂಡು, ಮೊಣಕಾಲೂರಿ ಕೂತು ಹೊಸ ಗೆರೆಯನ್ನು ತಿಕ್ಕತೊಡಗಿದಳು.

“ಸಂಜೆ ಕ್ಲಬ್ಬಿಗೆ ಹೋಗ್ತೀಯಾ?” ಅಪ್ಪ ಮೆಲ್ಲಗೆ ಕೇಳಿದ.

“ಮೊದ್ಲು ಹೋಗಿ ಟೇಪಿನ ಆ ತುದಿ ಹಿಡ್ಕೋ,” ಅವಳು ತಲೆಯೆತ್ತದೆ ಹೇಳಿದಳು. “ಹತ್ತು ಅಂದ್ರೆ ಹತ್ತೇ ಇರ್ಬೇಕು. ಹೋದ ಹನ್ನೊಂದೂ ನಂದೇ ಅಪ್ಪ. ಅದರಲ್ಲಿ ನಿಂಗೆ ಪಾಲಿಲ್ಲ.”